ದನಕ್ಕಾದರೆ ಡಾಕ್ಟರು, ನಮಗಾದರೆ ಮೌನವೇ?

ಗರ್ಭಕೋಶ ಜಾರುವ ತೊಂದರೆ: ಹೈನುಗಾರ ಸಹೋದರಿಯರು ತಿಳಿದಿರಬೇಕಾದ ಸಂಗತಿ

ಕಟಪಾಡಿಯ ಯಾವುದಾದರೊಂದು ಮನೆಯ ಹಟ್ಟಿ ಎಂದಿಟ್ಟುಕೊಳ್ಳಿ. ರಾತ್ರಿ ಹನ್ನೊಂದು ಗಂಟೆಗೆ ದನ ಕರು ಹಾಕಿದೆ. ಕರು ಎದ್ದು ನಿಲ್ಲುವ ಹೊತ್ತಿಗೆ ತಾಯಿ ಮತ್ತೆ ತಿಣುಕುತ್ತದೆ. ನೋಡುತ್ತಿದ್ದಂತೆ ಹಿಂದಿನಿಂದ ಕೆಂಪು ಮುದ್ದೆ ಹೊರಗೆ ಬರುತ್ತದೆ. "ಮೈ ಹೊರಗೆ ಬಂತು" ಎಂದು ಮನೆಯಲ್ಲಿ ಕೂಗು ಏಳುತ್ತದೆ. ಒಬ್ಬರು ಪಶುವೈದ್ಯರಿಗೆ ಫೋನ್ ಮಾಡುತ್ತಾರೆ. ಇನ್ನೊಬ್ಬರು ಶುದ್ಧ ನೀರು ತಂದು ತೊಳೆದು, ಒದ್ದೆ ಬಟ್ಟೆ ಹಿಡಿದು ನಿಲ್ಲುತ್ತಾರೆ. ನಾಯಿ, ಕಾಗೆ ಹತ್ತಿರ ಬಾರದಂತೆ ಕಾಯುತ್ತಾರೆ. ಡಾಕ್ಟರು ಬಂದು ಒಳಗೆ ಸೇರಿಸಿ ಹೊಲಿಗೆ ಹಾಕುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಅಲ್ಲಿ ನಾಚಿಕೆ ಇಲ್ಲ, "ನಾಳೆ ನೋಡುವ" ಎಂಬ ಮಾತೂ ಇಲ್ಲ.

ಈಗ ಅದೇ ಹಟ್ಟಿಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತ ಮನೆಯೊಡತಿಯನ್ನು ನೋಡಿ. ಎರಡನೇ ಹೆರಿಗೆಯ ನಂತರ ಅವರಿಗೂ ಅಡಿಯಲ್ಲಿ ಏನೋ ಇಳಿದಂತೆ ಆಗುತ್ತಿರಬಹುದು. ಸಂಜೆಯಾಗುವಾಗ ಭಾರ, ಕೆಮ್ಮಿದರೆ ಮೂತ್ರದ ಹನಿ, ಸ್ನಾನ ಮಾಡುವಾಗ ಕೈಗೆ ಸಿಗುವ ಉಂಡೆ. ಗಂಡನಿಗೆ ಹೇಳಿಲ್ಲ, ತಾಯಿಗೆ ಹೇಳಿಲ್ಲ, ಡಾಕ್ಟರಿಗಂತೂ ಇಲ್ಲ. ವರ್ಷಗಳು ಹಾಗೆಯೇ ಕಳೆದಿವೆ.

ಇದಕ್ಕೆ ಗರ್ಭಕೋಶ ಜಾರುವುದು ಎನ್ನುತ್ತಾರೆ. ಡಾಕ್ಟರುಗಳು ಪ್ರೊಲ್ಯಾಪ್ಸ್ ಎನ್ನುತ್ತಾರೆ. ಇದು ಅಪರೂಪದ ತೊಂದರೆ ಅಲ್ಲ. ಹೆರಿಗೆಯಾದ ಹೆಂಗಸರನ್ನು ಪರೀಕ್ಷೆ ಮಾಡಿ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಸ್ವಲ್ಪವಾದರೂ ಇಳಿತ ಕಾಣಿಸುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ತೊಂದರೆ ಇರುವುದಿಲ್ಲ. ತೊಂದರೆ ಇರುವವರು ಬಾಯಿ ಬಿಡುವುದಿಲ್ಲ. ಅದಕ್ಕಾಗಿಯೇ ಈ ಲೇಖನ.

ಒಳಗೆ ಆಗುವುದೇನು?

ಮಗುವನ್ನು ಮಲಗಿಸುವ ಬಟ್ಟೆಯ ತೊಟ್ಟಿಲು ನಿಮಗೆ ಗೊತ್ತು. ನಮ್ಮ ಸೊಂಟದ ಎಲುಬಿನ ನಡುವೆ ಅಂಥದೇ ಒಂದು ಸ್ನಾಯುಗಳ ತೊಟ್ಟಿಲು ಇದೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲದ ಕರುಳು, ಈ ಮೂರೂ ಅದರ ಮೇಲೆ ಕುಳಿತಿವೆ. ಗರ್ಭಕೋಶವನ್ನು ಬದಿಗಳಿಂದ ಹಗ್ಗದ ಹಾಗೆ ಎಳೆದು ಹಿಡಿದಿರುವ ಕಟ್ಟುಗಳೂ ಇವೆ. ತೊಟ್ಟಿಲಿನ ಬಟ್ಟೆ ಸಡಿಲವಾಗಿ ಹಗ್ಗ ಜಗ್ಗಿದರೆ ಮೇಲಿರುವುದು ಕೆಳಗಿಳಿಯುತ್ತದೆ. ಕೆಲವರಿಗೆ ಗರ್ಭಕೋಶ ಇಳಿಯುತ್ತದೆ, ಕೆಲವರಿಗೆ ಮೂತ್ರಕೋಶ, ಕೆಲವರಿಗೆ ಹಿಂದಿನ ಕರುಳು ಒತ್ತಿಕೊಂಡು ಬರುತ್ತದೆ. ಎರಡು ಮೂರು ಒಟ್ಟಿಗೆ ಆಗುವುದೂ ಇದೆ.

ಆರಂಭದಲ್ಲಿ ಅದು ಒಳಗೇ ಸ್ವಲ್ಪ ಇಳಿದಿರುತ್ತದೆ. ಮುಂದೆ ದ್ವಾರದ ಬಳಿಗೆ ಬರುತ್ತದೆ. ಹಾಗೆಯೇ ಬಿಟ್ಟರೆ ಕೆಲವರಲ್ಲಿ ಪೂರ್ತಿ ಹೊರಗೂ ಬರಬಹುದು.

ದನಕ್ಕೂ ನಮಗೂ ಇಲ್ಲಿ ಒಂದು ವ್ಯತ್ಯಾಸವಿದೆ. ದನ ಕರು ಹಾಕಿದ ಕೆಲವೇ ಗಂಟೆಗಳಲ್ಲಿ ಗರ್ಭಕೋಶ ಒಳಮೈ ಹೊರಗಾಗಿ ತಿರುಗಿ ಬೀಳುತ್ತದೆ. ತಕ್ಷಣ ನೋಡದಿದ್ದರೆ ದನ ಸಾಯಬಹುದು. ಹೆಂಗಸರಲ್ಲಿ ಹಾಗಲ್ಲ. ವರ್ಷಗಟ್ಟಲೆ ನಿಧಾನವಾಗಿ ಜಾರುತ್ತದೆ, ಜೀವಕ್ಕೆ ಅಪಾಯವಾಗುವುದು ಅಪರೂಪ. ಹೀಗೆ ನಿಧಾನವಾಗಿ ಬರುವುದರಿಂದಲೇ ನಾವು ಮುಂದೂಡುತ್ತಾ ಹೋಗುತ್ತೇವೆ.

ಲಕ್ಷಣಗಳು ಯಾವುವು?

- ಅಡಿಯಲ್ಲಿ ಭಾರ, ಎಳೆತ. ಬೆಳಿಗ್ಗೆ ಕಡಿಮೆ, ಕೆಲಸ ಮಾಡಿದಂತೆ ಸಂಜೆಗೆ ಹೆಚ್ಚು. ಮಲಗಿದರೆ ಹಗುರ.
- ಉಂಡೆಯಂಥದ್ದು ಕೈಗೆ ಸಿಗುವುದು, ಅಥವಾ ಅದರ ಮೇಲೆಯೇ ಕುಳಿತಂತೆ ಅನಿಸುವುದು.
- ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಹೊರೆ ಎತ್ತಿದಾಗ ಮೂತ್ರ ಸೋರುವುದು.
- ಮೂತ್ರ ಪೂರ್ತಿ ಹೋಗದಿರುವುದು, ಮತ್ತೆ ಮತ್ತೆ ಹೋಗಬೇಕೆನಿಸುವುದು, ಉಂಡೆಯನ್ನು ಬೆರಳಿನಿಂದ ಒಳಗೆ ತಳ್ಳಿದರೆ ಮಾತ್ರ ಮೂತ್ರ ಅಥವಾ ಮಲ ಹೋಗುವುದು.
- ಸೊಂಟದ ಕೆಳಭಾಗದಲ್ಲಿ ನೋವು, ಗಂಡ ಹೆಂಡತಿ ಸೇರುವಾಗ ತೊಂದರೆ.

ಸೊಂಟ ನೋವು, ಬಿಳಿ ಸೆರಗು ಮುಂತಾದವು ಬೇರೆ ಕಾರಣದಿಂದಲೂ ಬರುತ್ತವೆ. ಆದ್ದರಿಂದ ನಾವೇ ತೀರ್ಮಾನ ಮಾಡುವುದು ಬೇಡ, ಪರೀಕ್ಷೆ ಮಾಡಿಸಬೇಕು. ಇದಕ್ಕೆ ಸಾಮಾನ್ಯವಾಗಿ ದೊಡ್ಡ ಯಂತ್ರ ಬೇಡ, ಐದು ಹತ್ತು ನಿಮಿಷದ ಪರೀಕ್ಷೆ ಸಾಕು.

ಕೆಲವು ಲಕ್ಷಣ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಹೊರಬಂದ ಭಾಗ ಒಳಗೆ ಹೋಗದೆ ಊದಿಕೊಳ್ಳುವುದು, ಅದರ ಮೇಲೆ ಹುಣ್ಣಾಗಿ ರಕ್ತ ಅಥವಾ ದುರ್ವಾಸನೆ ಬರುವುದು, ಜ್ವರ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸುವುದು, ಇವು ಆ ಲಕ್ಷಣಗಳು.

ಯಾಕೆ ಬರುತ್ತದೆ?

ಮುಖ್ಯ ಕಾರಣ ಹೆರಿಗೆ. ಹೆರಿಗೆ ನೋವು ಬಹಳ ಹೊತ್ತು ಎಳೆದರೆ, ಮಗು ದೊಡ್ಡದಿದ್ದರೆ, ಇಕ್ಕಳ ಹಾಕಿ ತೆಗೆಯಬೇಕಾದರೆ, ಹೆರಿಗೆಗಳ ಸಂಖ್ಯೆ ಹೆಚ್ಚಿದ್ದರೆ ಆ ಸ್ನಾಯುಗಳು ಹಿಗ್ಗಿ ಹರಿಯುತ್ತವೆ. ಸಿಸೇರಿಯನ್ ಆದವರಲ್ಲಿ ಇದು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿಯುವುದರಿಂದ ಅಲ್ಲಿನ ಪದರಗಳು ತೆಳ್ಳಗಾಗುತ್ತವೆ. ಹತ್ತು ಇಪ್ಪತ್ತು ವರ್ಷದ ಹಿಂದಿನ ಹೆರಿಗೆಯ ಪೆಟ್ಟು ಆಗ ಹೊರಗೆ ಕಾಣಿಸುತ್ತದೆ. ಕೆಲವು ಮನೆತನಗಳಲ್ಲಿ ತಾಯಿಗೂ ಮಗಳಿಗೂ ಬರುವುದುಂಟು.

ಇದರ ಜೊತೆಗೆ ಹೊಟ್ಟೆಯ ಒಳಗಿನ ಒತ್ತಡ ಸೇರಿಕೊಳ್ಳುತ್ತದೆ. ವಾಸಿಯಾಗದ ಕೆಮ್ಮು, ಮಲಬದ್ಧತೆಯಿಂದ ದಿನಾ ತಿಣುಕುವುದು, ಅತಿಯಾದ ಮೈತೂಕ, ಭಾರ ಎತ್ತುವ ಕೆಲಸ ಎಲ್ಲವೂ ಒತ್ತಡ ಹೆಚ್ಚಿಸುತ್ತವೆ.

ಭಾರದ ವಿಷಯದಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಹಾಲು ಕೊಡುವ ಮಿಶ್ರತಳಿ ದನ ದಿನಕ್ಕೆ ಸುಮಾರು 60 ಲೀಟರ್ ನೀರು ಕುಡಿಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಇನ್ನೂ ಹೆಚ್ಚು. ಹಸಿ ಹುಲ್ಲು ಸುಮಾರು 25 ಕಿಲೋ, ಬೈಹುಲ್ಲು 5 ಕಿಲೋ, ತೆಗೆಯಬೇಕಾದ ಸೆಗಣಿ ಸುಮಾರು 20 ಕಿಲೋ. ಒಂದು ದನಕ್ಕೆ ಒಟ್ಟು 110 ಕಿಲೋ ಆಯಿತು. ಎರಡು ದನ ಇದ್ದರೆ ದಿನಕ್ಕೆ 220 ಕಿಲೋ, ತಿಂಗಳಿಗೆ ಆರೂವರೆ ಟನ್ನಿಗೂ ಹೆಚ್ಚು. ಇದರಲ್ಲಿ ಬಹುಪಾಲು ಹೋಗುವುದು ಹೆಂಗಸರ ತಲೆ, ಸೊಂಟ, ಕೈಗಳ ಮೇಲೆಯೇ. ಹಿಂಡಿಯ ಗೋಣಿ 50 ಕಿಲೋ. 40 ಲೀಟರಿನ ಕ್ಯಾನ್ ತುಂಬಿದರೆ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಮನೆಯ ನೀರು, ಅಕ್ಕಿ, ತೋಟದ ಕೆಲಸ ಇದರಲ್ಲಿ ಸೇರಿಲ್ಲ.

ಭಾರ ಎತ್ತಿದವರಿಗೆಲ್ಲ ಗರ್ಭಕೋಶ ಜಾರುತ್ತದೆ ಎಂದಲ್ಲ. ಆದರೆ ಹೆರಿಗೆಯಲ್ಲಿ ಸ್ನಾಯು ಸಡಿಲವಾದವರಿಗೆ ಈ ಭಾರ ತೊಂದರೆ ಹೆಚ್ಚಿಸುತ್ತದೆ. ಬಾಣಂತಿ ನಲವತ್ತು ದಿನ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದು ಹಿರಿಯರು ಹೇಳಿದ್ದು ಒಳ್ಳೆಯ ಮಾತು. ಆದರೆ ನಲವತ್ತೊಂದನೇ ದಿನ ತುಂಬಿದ ಸೆಗಣಿ ಬುಟ್ಟಿ ತಲೆಗೆ ಬರಬಾರದು. ಭಾರದ ಕೆಲಸ ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಶುರುವಾಗಬೇಕು.

ನೇಪಾಳದ ಹೆಂಗಸರು ಕೇಳಿದ ಪ್ರಶ್ನೆ

ನೇಪಾಳದ ಗುಡ್ಡಗಳಲ್ಲಿಯೂ ಹೆಂಗಸರು ಹುಲ್ಲು, ಕಟ್ಟಿಗೆ, ನೀರು ಹೊರುತ್ತಾರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಮತ್ತೆ ಹೊರೆ ಹೊರುವುದು ಅಲ್ಲಿ ಸಾಮಾನ್ಯವಾಗಿತ್ತು. ಗರ್ಭಕೋಶ ಜಾರಿದವರ ಸಂಖ್ಯೆ ಎಷ್ಟು ದೊಡ್ಡದಾಯಿತೆಂದರೆ ವಿಷಯ ನ್ಯಾಯಾಲಯಕ್ಕೆ ಹೋಯಿತು. 2008ರಲ್ಲಿ ನೇಪಾಳದ ಸುಪ್ರೀಂ ಕೋರ್ಟ್, ಇದು ಹೆಂಗಸರ ಹಕ್ಕಿನ ಪ್ರಶ್ನೆ, ಚಿಕಿತ್ಸೆ ಮತ್ತು ತಿಳಿವಳಿಕೆ ನೀಡುವುದು ಸರಕಾರದ ಹೊಣೆ ಎಂದು ಹೇಳಿತು. ಅಡುಗೆಮನೆಯಲ್ಲಿಯೂ ಹೇಳಲು ನಾಚುತ್ತಿದ್ದ ತೊಂದರೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಚರ್ಚೆಯಾಯಿತು. ಯಾರೋ ಒಬ್ಬರು ಮೊದಲು ಬಾಯಿ ಬಿಟ್ಟದ್ದರಿಂದ ಅದು ಅಲ್ಲಿಯವರೆಗೆ ಹೋಯಿತು.

ಚಿಕಿತ್ಸೆ ಎಂದರೆ ಆಪರೇಷನ್ ಮಾತ್ರವೇ?

ಅಲ್ಲ. "ಹೇಳಿದರೆ ಆಪರೇಷನ್ ಮಾಡುತ್ತಾರೆ, ದನ ಯಾರು ನೋಡುವುದು?" ಎಂಬ ಹೆದರಿಕೆಯಿಂದ ಸುಮ್ಮನಿರುವವರು ಇದ್ದಾರೆ. ಬೇಗ ಹೋದಷ್ಟೂ ಆಪರೇಷನ್ ಇಲ್ಲದ ದಾರಿಗಳು ಹೆಚ್ಚು.

ಒಂದು, ವ್ಯಾಯಾಮ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಬರೆದು ಪ್ರಚಾರಕ್ಕೆ ತಂದರು, ಅವರ ಹೆಸರಿನಿಂದಲೇ ಕೆಗೆಲ್ ವ್ಯಾಯಾಮ ಎನ್ನುತ್ತಾರೆ. ಗ್ಯಾಸ್ ಹೋಗದಂತೆ, ಮೂತ್ರ ಹೋಗದಂತೆ ತಡೆಯುವಾಗ ಯಾವ ಸ್ನಾಯು ಬಿಗಿಯಾಗುತ್ತದೋ ಅದನ್ನು ಒಳಕ್ಕೆ, ಮೇಲಕ್ಕೆ ಎಳೆದು ಹಿಡಿಯಬೇಕು. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಭ್ಯಾಸವಾದ ಮೇಲೆ ಹತ್ತು ಎಣಿಸುವವರೆಗೆ ಹಿಡಿಯಿರಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಬೆಳಿಗ್ಗೆ ಹಾಲು ಕರೆಯುವ ಮೊದಲು ಒಂದು ಸಲ, ಮಧ್ಯಾಹ್ನ ಕುಳಿತಾಗ ಒಂದು ಸಲ, ರಾತ್ರಿ ಮಲಗುವಾಗ ಒಂದು ಸಲ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಮೂರು ನಾಲ್ಕು ತಿಂಗಳು ಬಿಡದೆ ಮಾಡಿದರೆ ಫಲ ತಿಳಿಯುತ್ತದೆ. ಸ್ವಲ್ಪ ಇಳಿದವರಿಗೆ, ಮೂತ್ರ ಸೋರುವವರಿಗೆ ಇದು ಬಹಳ ಉಪಯೋಗ. ಪೂರ್ತಿ ಹೊರಗೆ ಬಂದದ್ದನ್ನು ಇದು ಒಳಗೆ ಸೇರಿಸುವುದಿಲ್ಲ. ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ಡಾಕ್ಟರು ಅಥವಾ ಫಿಸಿಯೋಥೆರಪಿಯವರಿಂದ ಒಮ್ಮೆ ತಿಳಿದುಕೊಳ್ಳಿ.

ಎರಡು, ಪೆಸರಿ ಎಂಬ ಉಂಗುರ. ಇದು ಸಿಲಿಕೋನಿನ ಮೆತ್ತನೆಯ ಬಳೆಯಂಥದ್ದು. ಅಳತೆ ನೋಡಿ ಡಾಕ್ಟರೇ ಒಳಗೆ ಕೂರಿಸುತ್ತಾರೆ. ಅದು ಗರ್ಭಕೋಶವನ್ನು ಮೇಲೆ ತಡೆದು ಹಿಡಿಯುತ್ತದೆ. ಸರಿಯಾಗಿ ಕುಳಿತರೆ ಒಳಗಿದೆ ಎಂಬುದೇ ಗೊತ್ತಾಗುವುದಿಲ್ಲ, ಹಟ್ಟಿ ಕೆಲಸವನ್ನೂ ಮಾಡಬಹುದು. ಡಾಕ್ಟರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಹಾಕಿಸಿ ಮರೆತುಬಿಟ್ಟರೆ ಹುಣ್ಣಾಗುತ್ತದೆ.

ಮೂರು, ಶಸ್ತ್ರಚಿಕಿತ್ಸೆ. ಇದರಲ್ಲಿಯೂ ಎರಡು ಬಗೆ. ಗರ್ಭಕೋಶ ಉಳಿಸಿಕೊಂಡು ಎತ್ತಿ ಕಟ್ಟುವುದು ಒಂದು, ಗರ್ಭಕೋಶ ತೆಗೆದು ಸಡಿಲವಾದ ಭಾಗ ಬಿಗಿ ಮಾಡುವುದು ಇನ್ನೊಂದು. ಎತ್ತಿ ಕಟ್ಟುವ ಒಂದು ವಿಧಾನಕ್ಕೆ ಗೋವಾ ಮೂಲದ ಡಾ. ವಿ. ಎನ್. ಶಿರೋಡ್ಕರ್ (1899–1971) ಅವರ ಹೆಸರೇ ಇದೆ. ಯಾರಿಗೆ ಯಾವುದು ಎಂಬುದು ವಯಸ್ಸು, ಇಳಿತ ಎಷ್ಟು, ಇನ್ನು ಮಕ್ಕಳು ಬೇಕೇ ಎಂಬುದರ ಮೇಲೆ ನಿಲ್ಲುತ್ತದೆ. ಆಪರೇಷನ್ ಆದ ಮೇಲೆ ಕನಿಷ್ಠ ಆರು ವಾರ, ಕೆಲವೊಮ್ಮೆ ಮೂರು ತಿಂಗಳು ಭಾರ ಎತ್ತುವಂತಿಲ್ಲ. ಆ ದಿನಗಳಲ್ಲಿ ಹಟ್ಟಿ ಕೆಲಸ ಯಾರು ನೋಡಬೇಕು ಎಂಬುದನ್ನು ಆಸ್ಪತ್ರೆಗೆ ಸೇರುವ ಮೊದಲೇ ಮನೆಯಲ್ಲಿ ನಿಶ್ಚಯ ಮಾಡಿಕೊಳ್ಳಿ.

"ತೆಗೆದುಬಿಡಿ" ಎನ್ನುವ ಮುನ್ನ

ಮುಚ್ಚಿಡುವುದು ಒಂದು ತಪ್ಪಾದರೆ, ಅವಸರದಲ್ಲಿ ಗರ್ಭಕೋಶ ತೆಗೆಸುವುದು ಇನ್ನೊಂದು ತಪ್ಪು. "ಮಕ್ಕಳಾಯಿತಲ್ಲ, ಇನ್ನು ಅದು ಯಾಕೆ?" ಎಂಬ ಮಾತು ನಮ್ಮಲ್ಲಿಯೂ ಕೇಳುತ್ತದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಸೊಂಟ ನೋವು, ಬಿಳಿ ಸೆರಗು ಎಂದು ಹೋದ ಎಳೆ ವಯಸ್ಸಿನ ಲಂಬಾಣಿ ಹೆಂಗಸರಿಗೂ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಸಂಗತಿ ದೊಡ್ಡ ಸುದ್ದಿಯಾಗಿ, ಸರಕಾರ ತನಿಖೆ ಮಾಡಿಸಿತ್ತು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ 2023ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲವಾದ ತೊಟ್ಟಿಲು ಬಿಗಿಯಾಗುವುದಿಲ್ಲ. ಅದನ್ನು ಬಿಗಿ ಮಾಡದಿದ್ದರೆ ಮೂತ್ರಕೋಶವೋ ಕರುಳೋ ಮತ್ತೆ ಇಳಿಯಬಹುದು. ಆದ್ದರಿಂದ ಡಾಕ್ಟರನ್ನು ಈ ಪ್ರಶ್ನೆ ಕೇಳಲು ಹಿಂಜರಿಯಬೇಡಿ: "ನನಗೆ ಇಳಿದಿರುವುದು ಏನು? ಎಷ್ಟು ಇಳಿದಿದೆ? ವ್ಯಾಯಾಮ ಅಥವಾ ಉಂಗುರ ಮೊದಲು ನೋಡಬಹುದೇ? ಗರ್ಭಕೋಶ ಉಳಿಸಿಕೊಳ್ಳಲು ಆಗುತ್ತದೆಯೇ?" ತೃಪ್ತಿಯಾಗದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಒಂದು ದನ ಕೊಳ್ಳುವಾಗ ನಾಲ್ಕು ಜನರನ್ನು ಕೇಳುವವರು ನಾವು!

ಎಲ್ಲಿಗೆ ಹೋಗುವುದು? ಏನು ಹೇಳುವುದು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಹೇಳಿ. ಕಟಪಾಡಿ, ಕಾಪು ಕಡೆಯವರಿಗೆ ಉಡುಪಿಯ ಸರಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ದೂರವಿಲ್ಲ. ಕಾರ್ಕಳದವರಿಗೆ ಅಲ್ಲಿಯೇ ತಾಲೂಕು ಆಸ್ಪತ್ರೆ ಇದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಹೆಂಗಸು ಡಾಕ್ಟರೇ ಬೇಕೆಂದು ಕೇಳಬಹುದು, ಜೊತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ಕರೆದುಕೊಂಡು ಹೋಗಬಹುದು.

ಬಾಯಿ ಬಾರದಿದ್ದರೆ ಇಷ್ಟು ಹೇಳಿದರೆ ಸಾಕು: "ಡಾಕ್ಟ್ರೇ, ನನಗೆ ಅಡಿಯಲ್ಲಿ ಏನೋ ಇಳಿದ ಹಾಗೆ ಆಗುತ್ತದೆ. ಭಾರ ಎತ್ತಿದರೆ ಹೆಚ್ಚಾಗುತ್ತದೆ." ಉಳಿದದ್ದನ್ನು ಅವರೇ ಕೇಳುತ್ತಾರೆ. ನಿಮಗೆ ಹೊಸ ಮಾತು, ಅವರಿಗೆ ದಿನಾ ಕೇಳುವ ಮಾತು.

ಖರ್ಚಿನ ವಿಷಯಕ್ಕೆ ಬಂದರೆ, ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಶುರುವಾಗಿದೆ. ಹಾಲು ಸಂಘದ ಸದಸ್ಯರೂ ಸೇರಬಹುದು. ನೋಂದಣಿಗೆ ಪ್ರತಿ ವರ್ಷ ಗಡುವು ಇರುತ್ತದೆ, ಸಂಘದ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಬಗ್ಗೆ ಸರಕಾರಿ ಆಸ್ಪತ್ರೆಯಲ್ಲಿಯೇ ವಿಚಾರಿಸಿ. ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಸೇರುವ ಮೊದಲೇ ಕೇಳಿಕೊಳ್ಳಬೇಕು.

ಬಟ್ಟೆ ತುರುಕುವುದು, ಬೇರು ಸೊಪ್ಪಿನ ಮದ್ದು ಒಳಗೆ ಇಡುವುದು ಮಾತ್ರ ಬೇಡ. ಅದರಿಂದ ಹುಣ್ಣು, ಸೋಂಕು ಆಗುತ್ತದೆಯೇ ಹೊರತು ಗರ್ಭಕೋಶ ಮೇಲೇರುವುದಿಲ್ಲ.

ಹಟ್ಟಿಯಲ್ಲಿ ಮಾಡಬಹುದಾದ ಬದಲಾವಣೆ

- ಬಾವಿಯಿಂದ ಹಟ್ಟಿಗೆ ಒಂದು ಪೈಪು ಎಳೆದರೆ, ಎರಡು ದನಕ್ಕೆ 15 ಲೀಟರಿನ ಬಕೆಟಿನಲ್ಲಿ ಎಂಟು ಸಲ ನೀರು ಹೊರುವುದು ತಪ್ಪುತ್ತದೆ.
- ಸೆಗಣಿ, ಹುಲ್ಲು ಸಾಗಿಸಲು ಚಕ್ರದ ಕೈಗಾಡಿ ಇಟ್ಟುಕೊಳ್ಳಿ. ಬುಟ್ಟಿಯೇ ಆದರೆ ಅರ್ಧ ತುಂಬಿ ಎರಡು ಸಲ ಹೋಗಿ.
- ಹಿಂಡಿ ಗೋಣಿಯನ್ನು ಗಂಡಸರು ಇಳಿಸಲಿ, ಅಥವಾ ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪ ಒಯ್ಯಿರಿ. ತುಂಬಿದ ಕ್ಯಾನನ್ನು ಇಬ್ಬರು ಹಿಡಿಯಿರಿ.
- ಎತ್ತುವಾಗ ಮೊಣಕಾಲು ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು, ಕೆಳಗಿನ ಸ್ನಾಯು ಬಿಗಿದು, ಉಸಿರು ಬಿಡುತ್ತಾ ಏಳಿ. ಉಸಿರು ಕಟ್ಟಿ ಎತ್ತಬೇಡಿ.
- ಸೊಪ್ಪು, ತರಕಾರಿ, ಹಣ್ಣು ತಿಂದು ನೀರು ಕುಡಿಯಿರಿ, ಮಲಬದ್ಧತೆ ಬಾರದಂತೆ ನೋಡಿಕೊಳ್ಳಿ. ಎರಡು ಮೂರು ವಾರ ಮೀರಿದ ಕೆಮ್ಮಿಗೆ ಡಾಕ್ಟರನ್ನು ಕಾಣಿರಿ.

ಈ ಬದಲಾವಣೆಗೆ ಮನೆಯವರ ಕೈಯೂ ಬೇಕು. ಆದ್ದರಿಂದ ಈ ಪುಟವನ್ನು ಓದಿ ಮಡಚಿಡಬೇಡಿ, ಮನೆಯ ಗಂಡಸರಿಗೂ ತೋರಿಸಿ. ಸೊಸೆ ಬಾಣಂತಿಯಾಗಿದ್ದರೆ ಅತ್ತೆಯಂದಿರು ಹಟ್ಟಿಯ ಭಾರದ ಕೆಲಸವನ್ನು ಬೇರೆಯವರಿಗೆ ಹಂಚಲಿ. ಅತ್ತೆ ಬಚ್ಚಲಿನಿಂದ ಬರುವಾಗ ತಡವಾಗುತ್ತಿದ್ದರೆ, ಹಾಲು ಹಾಕಿ ಬರುವ ದಾರಿಯಲ್ಲಿ ಮತ್ತೆ ಮತ್ತೆ ಕುಳಿತುಕೊಳ್ಳುತ್ತಿದ್ದರೆ ಸೊಸೆಯಂದಿರು ಮೆಲ್ಲನೆ ಕೇಳಲಿ.

ದನ ಮೇವು ಬಿಟ್ಟರೆ ನಮಗೆ ಗೊತ್ತಾಗುತ್ತದೆ. ಹಾಲು ಅರ್ಧ ಲೀಟರ್ ಕಡಿಮೆಯಾದರೂ ಗೊತ್ತಾಗುತ್ತದೆ, ಅದೇ ದಿನ ಕಾರಣ ಹುಡುಕುತ್ತೇವೆ. ನಮ್ಮ ಮೈ ಹೇಳುವುದನ್ನೂ ಅಷ್ಟೇ ಗಮನದಿಂದ ಕೇಳೋಣ. ಓದುವಾಗ "ಇದು ನನ್ನದೇ ಕಥೆ" ಎಂದು ಅನಿಸಿದ್ದರೆ, ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ.